ಕಡಲಿಲ್ಲದ ಊರಿನಲ್ಲಿ ಕಾಂಡ್ಲಾ ನುಸಿ

ನುಸಿಗಳ ಮೇಲೆ ಕೆಲಸ ಮಾಡುತ್ತೇನೆ ಎಂದ ಕೂಡಲೇ ಮೈಸೂರಿನಲ್ಲಿ ಯಾರೇ ಆದರೂ ಕೇಳುವ ಪ್ರಶ್ನೆ ಒಂದೇ. "ಹೌದಾ ಮೇಡಂ? ಹಂಗಾದ್ರೆ ನಮ್ಮ ತೆಂಗಿನಮರಕ್ಕೆ ಏನು ಹೊಡೀಬೇಕು ಹೇಳಿ." ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಬ್ಯಾಂಕಿನ ಕೌಂಟರಿನಲ್ಲಿ ಕೇಳಿದ್ದಾರೆ, ಹಲ್ಲಿನ ಡಾಕ್ಟರಂತೂ ನನ್ನ ಬಾಯಲ್ಲಿ ಇಕ್ಕಳ ಇಟ್ಟುಕೊಂಡೇ ಕೇಳಿದ್ದಾರೆ. ತೆಂಗಿನಕಾಯಿ ಸುಕ್ಕು ಹಿಡಿಸುವ ನುಸಿಯೇ ಬೇರೆ, ನನ್ನ ನುಸಿಗಳೇ ಬೇರೆ, ಇವು ಯಾರ ತಂಟೆಗೂ ಹೋಗುವುದಿಲ್ಲ ಎಂದು ವಿವರಿಸಿದರೆ ಅವರ ಮುಖ ಸಪ್ಪಗಾಗುತ್ತಿತ್ತು. ಯಾರ ತಂಟೆಗೂ ಹೋಗದ್ದನ್ನು ಸರ್ಕಾರ ಸಂಬಳ ಕೊಟ್ಟು ಯಾಕೆ ಓದಿಸಬೇಕು?

ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಎಂದು ನಮ್ಮ ಬಗ್ಗೆ ಆಡಿಕೊಳ್ಳುವವರಿಗೆ ನಾನು ಹೇಳುವುದಿಷ್ಟೆ. ನಮ್ಮ ಲೆಕ್ಕದಲ್ಲಿ ಇಲಿ ಬಹಳ ದೊಡ್ಡ ಪ್ರಾಣಿ. ಒಂದು ಸಾಸಿವೆ ಕಾಳಿನ ಮೇಲೆ ನನ್ನ ನುಸಿಗಳು ಸಂಸಾರ ಸಮೇತ ಕೂತುಕೊಳ್ಳಬಹುದು. ಎಂಟು ಕಾಲು, ಕಂದು ಬಣ್ಣದ ಗಟ್ಟಿ ಮೈ, ನಡಿಗೆ ನಿಧಾನ. ನಮ್ಮ ಪ್ರಾಣಿಶಾಸ್ತ್ರ ವಿಭಾಗದಿಂದ ನಿವೃತ್ತಳಾಗಿ ರಾಮಕೃಷ್ಣನಗರದ ಮನೆಯಲ್ಲಿ ಕೂತ ಮೇಲೂ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಬಂದು "ಈ ಕೆಲಸ ಹೇಗಿರುತ್ತೆ ಮೇಡಂ?" ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ. ಯಾವಾಗ ರೀಡರ್ ಆದೆ, ಯಾವಾಗ ಪ್ರೊಫೆಸರ್ ಆದೆ ಎಂಬುದನ್ನು ಬರೆಯುವುದಿಲ್ಲ. ಅದರಲ್ಲಿ ಯಾವ ನುಸಿಯ ಪಾಲೂ ಇಲ್ಲ.

ನನಗೆ ಈ ವಿದ್ಯೆ ಹೇಳಿಕೊಟ್ಟವರನ್ನು ವಿಭಾಗದಲ್ಲಿ ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಮೂಗಿನ ತುದಿಯಲ್ಲಿ ಕೋಪ. ನಾನು ಸಂಶೋಧನೆಗೆ ಸೇರಿದ ಮೊದಲ ದಿನ ಒಂದು ಬೆಂಕಿಕಡ್ಡಿ ಕೈಗೆ ಕೊಟ್ಟು, "ಕಣ್ಣಿನ ರೆಪ್ಪೆ ಕೂದಲು ಒಂದು ಕಿತ್ತು ಇದರ ತುದಿಗೆ ಅಂಟಿಸ್ಕೊಳಮ್ಮ" ಎಂದರು. ನಾನು ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ನುಸಿಯನ್ನು ಇಕ್ಕಳದಲ್ಲಿ ಹಿಡಿದರೆ ಅಪ್ಪಚ್ಚಿಯಾಗುತ್ತದೆ, ಕುಂಚದಲ್ಲಿ ಹಿಡಿದರೆ ಕೂದಲ ನಡುವೆ ಕಳೆದುಹೋಗುತ್ತದೆ. ಅದನ್ನು ಮುರಿಯದಂತೆ ತಿರುಗಿಸುವ ಮೆದುತನ, ಬಾಗು ಎರಡೂ ಇರುವುದು ರೆಪ್ಪೆಯ ಕೂದಲಿಗೆ ಮಾತ್ರ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಅವರವರ ರೆಪ್ಪೆಯ ಕಡ್ಡಿ ಇರುತ್ತಿತ್ತು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಪರದೇಶದಿಂದ ಎಷ್ಟೇ ದುಬಾರಿ ಸೂಜಿ ಬಂದರೂ ಆ ಕಡ್ಡಿಯ ಜಾಗ ತುಂಬಲಿಲ್ಲ.

ನುಸಿ ಹಿಡಿಯುವ ಉಪಾಯ ಹೊಸಬರಿಗೆ ಗೊತ್ತಿರಬೇಕು. ಒಂದು ದೊಡ್ಡ ಲಾಳಿಕೆ, ಅದರೊಳಗೆ ಜರಡಿ, ಜರಡಿಯ ಮೇಲೆ ಒಂದು ಹಿಡಿ ಮಣ್ಣೋ ಪಾಚಿಯೋ ತರಗೋ. ಮೇಲುಗಡೆ ಒಂದು ಬಲ್ಬು ಉರಿಸಿಡುತ್ತೇವೆ. ಮೇಲಿನಿಂದ ಒಣಗುತ್ತಾ ಬಂದ ಹಾಗೆ ನುಸಿಗಳು ತಂಪು ಹುಡುಕಿಕೊಂಡು ಕೆಳಗೆ ಇಳಿಯುತ್ತವೆ, ಇಳಿದು ಇಳಿದು ಲಾಳಿಕೆಯ ಬಾಯಿಂದ ಕೆಳಗಿಟ್ಟ ಸ್ಪಿರಿಟ್ ಸೀಸೆಗೆ ಬೀಳುತ್ತವೆ. ಪಾಪದ ಕೆಲಸವೇ, ಆದರೆ ಹೊಟ್ಟೆಪಾಡು.

ಮೇಷ್ಟ್ರು ಒಮ್ಮೆ ಕಾಡಿನ ಮಣ್ಣಿನಲ್ಲಿ ಯಾರೂ ಕಾಣದ ಹೊಸ ನುಸಿ ಸಿಕ್ಕಿತೆಂದು ಸಂಭ್ರಮಪಟ್ಟು, ಅಕ್ಕಪಕ್ಕದ ವಿಭಾಗದವರಿಗೆಲ್ಲ ಮೈಸೂರುಪಾಕು ಹಂಚಿದ್ದರು. ಆಮೇಲೆ ನೋಡಿದರೆ ಅದು ನಮ್ಮ ಪ್ರಯೋಗಾಲಯದ ಕಿಟಕಿಯ ಪಾಚಿಯಲ್ಲೇ ಹಾಯಾಗಿ ವಾಸವಾಗಿತ್ತು. ಮೊದಲು ಆ ಪಾಚಿ ಹಾಕಿ ತೊಳೆಯದೆ ಬಿಟ್ಟ ಲಾಳಿಕೆಯಲ್ಲಿ ಹಳೆಯದು ಉಳಿದುಬಿಟ್ಟಿತ್ತು. ಮೈಸೂರುಪಾಕು ತಿಂದವರು ಆಮೇಲೆ ಮೇಷ್ಟ್ರನ್ನು ಕಂಡಾಗಲೆಲ್ಲ ಕಿಟಕಿಯ ಯೋಗಕ್ಷೇಮ ವಿಚಾರಿಸುತ್ತಿದ್ದರು. ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟಳೆ. ಎಷ್ಟೇ ಲಾಳಿಕೆ ಹಚ್ಚಲಿ, ಪಕ್ಕದಲ್ಲಿ ಒಂದು ಖಾಲಿ ಲಾಳಿಕೆಯನ್ನೂ ಬಲ್ಬು, ಸೀಸೆ ಸಮೇತ ಹಚ್ಚಬೇಕು. ಅದರಲ್ಲಿ ಒಂದೇ ಒಂದು ನುಸಿ ಬಿದ್ದರೂ ಅವತ್ತಿನ ಕೆಲಸವೆಲ್ಲ ಚರಂಡಿಗೆ. ಇಂಥ ಕಟ್ಟಳೆ ಮಾಡಿದ ಮೇಷ್ಟ್ರ ಮೇಲೆ ನನಗಿರುವ ಗೌರವ ಅವರ ಯಾವ ದೊಡ್ಡ ಲೇಖನದಿಂದ ಬಂದದ್ದೂ ಅಲ್ಲ, ಆ ಮೈಸೂರುಪಾಕಿನ ಕಥೆಯನ್ನು ಅವರೇ ಪ್ರತಿ ವರ್ಷ ಹೊಸಬರ ಮುಂದೆ ಹೇಳುತ್ತಿದ್ದರಲ್ಲ, ಅದರಿಂದ ಬಂದದ್ದು.

ಪದ್ಧತಿಗಳು ನನ್ನ ಕಣ್ಣಮುಂದೆಯೇ ಬದಲಾದವು. ನಾವು ಮೈಕ್ರೋಸ್ಕೋಪಿಗೆ ಕನ್ನಡಿ ಸಿಕ್ಕಿಸಿ, ಒಂದು ಕಣ್ಣಲ್ಲಿ ನುಸಿಯನ್ನೂ ಇನ್ನೊಂದರಲ್ಲಿ ಪೆನ್ಸಿಲ್ಲನ್ನೂ ನೋಡುತ್ತಾ ಚಿತ್ರ ಬರೆಯುತ್ತಿದ್ದೆವು. ಬೆನ್ನಿನ ಒಂದೊಂದು ರೋಮವನ್ನೂ ಚುಕ್ಕಿಯಿಟ್ಟು ಬರೆಯಬೇಕು. ಈಗ ಕ್ಯಾಮೆರಾ ತಾನೇ ಫೋಟೋ ಮೇಲೆ ಫೋಟೋ ತೆಗೆದು ಜೋಡಿಸಿ ಕೊಡುತ್ತದೆ. ಡಿಎನ್‌ಎ ನೋಡಬೇಕೆಂದರೆ ನುಸಿಯನ್ನು ಅರೆದೇಬಿಡುತ್ತಾರೆ. ನನಗೆ ಹೊಸದರ ಮೇಲೆ ಮುನಿಸಿಲ್ಲ. ಆದರೆ ಕೈಯಲ್ಲಿ ಬರೆಯುವಾಗ ಕಾಣುತ್ತಿದ್ದದ್ದು ಫೋಟೋ ತೆಗೆಯುವಾಗ ಕಾಣುವುದಿಲ್ಲ ಕಣ್ರಪ್ಪ, ಆ ಮಾತನ್ನು ಮಾತ್ರ ಯಾರು ಏನೆಂದರೂ ನಾನು ಬಿಟ್ಟುಕೊಡುವವಳಲ್ಲ.

ಇನ್ನು ನಸೀಮಾಳ ವಿಷಯ. ನನ್ನ ಬಳಿ ಕೊನೆಯದಾಗಿ ಪಿಎಚ್.ಡಿ.ಗೆ ಸೇರಿದವಳು ಅವಳು. ಉದಯಗಿರಿಯವಳು. ತಂದೆಗೆ ಸ್ಕೂಟರ್ ರಿಪೇರಿ ಅಂಗಡಿ. ಚಿಕ್ಕಂದಿನಿಂದ ಬಿಡಿಭಾಗಗಳ ನಡುವೆ ಬೆಳೆದದ್ದಕ್ಕೋ ಏನೋ, ಅವಳ ಕೈ ನಡುಗಿದ್ದನ್ನು ನಾನು ಎಂದೂ ನೋಡಿಲ್ಲ. ಮಾತು ಕಡಿಮೆ, ಹಟ ಜಾಸ್ತಿ. ಚಾಮುಂಡಿ ಬೆಟ್ಟದ ಮಣ್ಣಿನ ನುಸಿಗಳನ್ನು ಮಾಡಮ್ಮ, ಸಿಟಿ ಬಸ್ಸಿನಲ್ಲಿ ಹೋಗಿಬರಬಹುದು ಎಂದರೆ, "ಮೇಡಂ, ಕಾಂಡ್ಲಾ ಮರದ್ದು ಮಾಡ್ತೀನಿ" ಎಂದಳು.

ಕಾಂಡ್ಲಾ ಎಂದರೆ ಹೊಳೆ ಸಮುದ್ರಕ್ಕೆ ಸೇರುವ ಕಡೆ, ಉಪ್ಪುನೀರಿನ ಕೆಸರಲ್ಲಿ ಬೇರೂರಿ ನಿಲ್ಲುವ ಮರಗಳು. ದಿನಕ್ಕೆ ಎರಡು ಸಲ ಸಮುದ್ರ ಉಬ್ಬಿ ಬಂದು ಅವುಗಳ ಬೇರು, ಬುಡ ಎಲ್ಲವನ್ನೂ ಮುಳುಗಿಸುತ್ತದೆ, ಎರಡು ಸಲ ಇಳಿದು ಹೋಗುತ್ತದೆ. ಅಂಥ ಕಡೆ, ನೆಲದ ನುಸಿಗಳ ದಾಯಾದಿಗಳು ಹೊರದೇಶಗಳಲ್ಲಿ ಬದುಕುತ್ತವೆಂದು ಓದಿದ್ದೆ. ನಮ್ಮ ಕರಾವಳಿಯಲ್ಲಿ ಹುಡುಕಿದವರನ್ನು ನಾನಂತೂ ಕಂಡಿರಲಿಲ್ಲ.

"ಸಮುದ್ರ ನೋಡಿದೀಯೇನೇ?" ಎಂದೆ.

"ಇಲ್ಲ ಮೇಡಂ. ಅದಕ್ಕೇ."

ಹೀಗೆ ಕುಮಟಾ ಬಳಿ ಅಘನಾಶಿನಿ ಹೊಳೆಯ ಅಳಿವೆಗೆ ನಮ್ಮ ತಿರುಗಾಟ ಶುರುವಾಯಿತು. ಮೊದಲ ಸಲ ಕೆಸರಿನಲ್ಲಿ ನನ್ನ ಎರಡು ಚಪ್ಪಲಿಯೂ ಹೋದವು. ಚಿಪ್ಪು ಆರಿಸುತ್ತಿದ್ದ ಹೆಂಗಸರು, ಒಬ್ಬ ಮೇಡಂ ಬರಿಗಾಲಲ್ಲಿ ಮರಕ್ಕೆ ಕಣ್ಣು ಅಂಟಿಸಿ ನಿಂತದ್ದನ್ನು ಕಂಡು ಬಹಳ ಹೊತ್ತು ನಕ್ಕರು. ನಸೀಮಾ ತೊಗಟೆಯ ಮೇಲಿನ ಹಸಿರು ಪಾಚಿಯನ್ನು ಚಾಕುವಿನಲ್ಲಿ ಕೆರೆದು ಡಬ್ಬಿಗೆ ತುಂಬಿದಳು. ಮೈಸೂರಿಗೆ ತಂದು ಲಾಳಿಕೆಗೆ ಹಾಕಿದೆವು. ಪಕ್ಕದಲ್ಲಿ ಖಾಲಿ ಲಾಳಿಕೆಯ ಬಲ್ಬೂ ಉರಿಯಿತು. ಖಾಲಿಯದರಲ್ಲಿ ಏನೂ ಇಲ್ಲ. ಕಾಂಡ್ಲಾದ ಸೀಸೆಯಲ್ಲಿ ಕಾಳುಮೆಣಸಿನ ಪುಡಿ ಉದುರಿಸಿದಂತೆ ನುಸಿಗಳು!

ಒಂದನ್ನು ಸ್ಲೈಡಿಗೆ ಏರಿಸಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದರ ಉಗುರು. ನೆಲದ ನುಸಿಗಳ ಉಗುರು ಬಡಪಾಯಿ ಉಗುರು. ಇದರದ್ದು ಮೈಯ ಅಳತೆಗೆ ಮೀರಿದ ಕೊಕ್ಕೆ. ಅಲೆ ಬಂದು ಹೊಡೆದರೂ ತೊಗಟೆ ಬಿಡುವುದಿಲ್ಲ ಎಂದು ಹಟ ತೊಟ್ಟ ಉಗುರು ಅದು. ಈಜು ಬರುವುದಿಲ್ಲ, ಓಡಲು ಬರುವುದಿಲ್ಲ, ಹಿಡಿದುಕೊಳ್ಳುವುದೊಂದೇ ಅದಕ್ಕೆ ಗೊತ್ತಿರುವ ವಿದ್ಯೆ. ಆ ಒಂದೇ ವಿದ್ಯೆಯಲ್ಲಿ ಸಮುದ್ರವನ್ನು ಗೆದ್ದುಕೊಂಡಿದೆಯಲ್ಲ ಎಂದು ನಾನು ಅವತ್ತು ಸ್ಲೈಡಿನ ಮುಂದೆ ಕೈಮುಗಿದದ್ದು ಸುಳ್ಳಲ್ಲ. ನಸೀಮಾ ನೋಡಿ ನಕ್ಕಳು.

ಪ್ರಬಂಧ ಬರೆದಾಯಿತು, ಚಿತ್ರಗಳನ್ನೆಲ್ಲ ಅವಳು ಕೈಯಲ್ಲೇ ಬರೆದಳು, ಸಲ್ಲಿಸಿಯೂ ಆಯಿತು. ಹೊರಗಿನ ಪರೀಕ್ಷಕರಲ್ಲಿ ಒಬ್ಬರು ಪ್ರೊಫೆಸರ್ ಮಾದಪ್ಪ. ಮಣ್ಣಿನ ನುಸಿಗಳ ವಿಷಯದಲ್ಲಿ ದೊಡ್ಡ ಹೆಸರು. ಉತ್ತರದ ಕಡೆಯ ಒಂದು ಸಂಸ್ಥೆಯಲ್ಲಿ ಜೀವಮಾನವೆಲ್ಲ ಕಳೆದವರು. ಅವರ ವರದಿ ಹೀಗಿತ್ತು. ಇವು ನೆಲದ ನುಸಿಗಳ ಜಾತಿಯವು, ಹೊಳೆಯ ನೆರೆಯಲ್ಲಿ ಮೇಲಿನಿಂದ ತೇಲಿ ಬಂದು ಕಾಂಡ್ಲಾ ಮರಕ್ಕೆ ಸಿಕ್ಕಿಕೊಂಡಿರಬಹುದು, ಅಲ್ಲೇ ಬದುಕುತ್ತವೆ ಎನ್ನುವುದಕ್ಕೆ ಪುರಾವೆ ಏನು? ಉಪ್ಪುನೀರಿನಲ್ಲಿ ಮುಳುಗಿಯೂ ಬದುಕಿದ್ದನ್ನು ಮೌಖಿಕ ಪರೀಕ್ಷೆಯಲ್ಲಿ ತೋರಿಸಲಿ, ಇಲ್ಲದಿದ್ದರೆ ಮುಖ್ಯ ಅಧ್ಯಾಯ ತೆಗೆದು ಹೊಸದಾಗಿ ಬರೆಯಲಿ.

ಹೊಸದಾಗಿ ಬರೆಯಲು ನಸೀಮಾಳಿಗೆ ಕಾಲವಿರಲಿಲ್ಲ. ಅವಳ ನೋಂದಣಿಯ ಅವಧಿ ಮುಗಿಯುತ್ತಾ ಬಂದಿತ್ತು, ಮತ್ತೆ ವಿಸ್ತರಿಸುವಂತಿರಲಿಲ್ಲ. ಆ ಅಧ್ಯಾಯ ಬಿದ್ದರೆ ಪ್ರಬಂಧವೇ ಬಿದ್ದ ಹಾಗೆ. ಅಷ್ಟು ವರ್ಷ ಕೆಸರಲ್ಲಿ ನಿಂತದ್ದು ಅಷ್ಟಕ್ಕೇ ಮುಗಿಯುತ್ತಿತ್ತು.

ಸಿಟ್ಟು ಬಂತು, ಆದರೆ ಬಯ್ಯಲು ಬಾಯಿ ಬರಲಿಲ್ಲ. ಮಾದಪ್ಪನವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಮ್ಮ ಕಸುಬಿನ ಮರ್ಮವೇ ಅಲ್ಲಿತ್ತು. ನುಸಿ ಲಾಳಿಕೆಯಿಂದ ನೇರವಾಗಿ ಬೀಳುವುದು ಸ್ಪಿರಿಟ್ಟಿಗೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಸತ್ತಿರುತ್ತದೆ. ಜೀವಮಾನವೆಲ್ಲ ನುಸಿ ನೋಡಿದ ನಾವು ನುಸಿ ಬದುಕುವುದನ್ನು ನೋಡಿದವರಲ್ಲ. ಮೇಷ್ಟ್ರೂ ನೋಡಿರಲಿಲ್ಲ, ಮಾದಪ್ಪನವರೂ ನೋಡಿರಲಾರರು.

ಪರೀಕ್ಷೆಯ ದಿನ ಗೊತ್ತಾದದ್ದೇ ತಡ, ನಸೀಮಾ ಕುಮಟಾಕ್ಕೆ ಹೋಗಿ ಜೀವಂತ ನುಸಿಗಳಿರುವ ತೊಗಟೆಯ ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಂದು ಕ್ಯಾನಿನಲ್ಲಿ ಉಪ್ಪುನೀರನ್ನೂ ತುಂಬಿಕೊಂಡು, ಪರೀಕ್ಷೆಯ ಹಿಂದಿನ ದಿನ ನನ್ನ ಮನೆಗೇ ಬಂದಳು. ನಮ್ಮ ಯಜಮಾನರು ಕ್ಯಾನ್ ಮುಚ್ಚಳ ತೆಗೆದು ಮೂಸಿ, "ಅಲ್ಲ ಕಣೇ, ಮನೇಲಿ ಉಪ್ಪು ಖಾಲಿ ಅಂತ ಸಮುದ್ರಾನೇ ತರಿಸ್ಬುಟ್ಯಾ?" ಎಂದರು. ನಾನು ಮುಚ್ಚಳ ಹಾಕಿ ಕ್ಯಾನ್ ಎತ್ತಿಕೊಂಡೆ.

ಪ್ರಯೋಗಾಲಯಕ್ಕೆ ಹೋಗಿ ತೊಗಟೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟೆವು. ನುಸಿಗಳು ಪಾಚಿ ಮೇಯುತ್ತಾ ಓಡಾಡುತ್ತಿದ್ದವು. ಗಾಜಿನ ತಟ್ಟೆಯಲ್ಲಿಟ್ಟು ಉಪ್ಪುನೀರು ತುಂಬಿಸಿದೆವು. ಇನ್ನೊಂದು ತಟ್ಟೆಯಲ್ಲಿ ನಮ್ಮ ಕ್ಯಾಂಪಸ್ಸಿನ ಪಾಚಿಯ ನುಸಿಗಳನ್ನೂ ಹಾಗೆಯೇ ಮುಳುಗಿಸಿದೆವು, ಹೋಲಿಸಿ ನೋಡಲು. ನೀರು ಮೇಲೆ ಬಂದಂತೆ ಕಾಂಡ್ಲಾ ನುಸಿಗಳ ಮೈಗೆ ಗಾಳಿಯ ತೆಳುವಾದ ಪೊರೆ ಅಂಟಿಕೊಂಡಿತು. ಬೆಳ್ಳಿಯ ಬಣ್ಣದ ಪೊರೆ. ನೀರಿನಡಿ ಉಸಿರಾಡಲು ಅವು ತಮ್ಮ ಗಾಳಿಯನ್ನು ತಾವೇ ಹೊದ್ದುಕೊಂಡಿದ್ದವು. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಕಣ್ಣಾರೆ ಕಂಡಾಗ ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಕ್ಯಾಂಪಸ್ಸಿನ ನುಸಿಗಳು ಸತ್ತು ಹೋಗಿದ್ದವು. ಕಾಂಡ್ಲಾ ನುಸಿಗಳೂ ಕಾಲು ಮಡಚಿಕೊಂಡು ಕಲ್ಲಿನಂತೆ ಕೂತಿದ್ದವು. ನಾನು ರೆಪ್ಪೆಯ ಕಡ್ಡಿಯಿಂದ ಒಂದನ್ನು ಮುಟ್ಟಿದೆ. ಅಲುಗಲಿಲ್ಲ. ಇನ್ನೊಂದನ್ನು ಮುಟ್ಟಿದೆ. ಅದೂ ಇಲ್ಲ. ಮುಟ್ಟಿದಾಗ ಕಾಲು ಆಡಿಸದಿದ್ದರೆ ನುಸಿ ಸತ್ತಿದೆ ಎಂದೇ ನನ್ನ ಲೆಕ್ಕ. ಸತ್ತದ್ದನ್ನು ನೀರಿನಲ್ಲಿ ಕೊಳೆಯಲು ಬಿಡದೆ ತಕ್ಷಣ ಸ್ಪಿರಿಟ್ಟಿಗೆ ಹಾಕುವುದು ಅಭ್ಯಾಸ.

"ಹೋದವು ಕಣಮ್ಮ" ಎಂದೆ. "ಸ್ಪಿರಿಟ್ಟಿಗೆ ಹಾಕ್ಬಿಡು. ಸ್ಲೈಡಾದ್ರೂ ಆಗುತ್ತೆ."

ನಸೀಮಾ ತಟ್ಟೆಯ ಮೇಲೆ ಅಂಗೈ ಮುಚ್ಚಿದಳು. "ಬೇಡ ಮೇಡಂ."

"ಹಟ ಮಾಡ್ಬೇಡ ಕಣೇ. ಮುಟ್ಟಿ ನೋಡ್ದೆನಲ್ಲ."

"ಅಲ್ಲ ಮೇಡಂ, ಅಘನಾಶಿನೀಲಿ ನೀರು ಇಳಿಯುತ್ತಲ್ವಾ? ನಾವು ನಿನ್ನೆಯಿಂದ ತುಂಬ್ಸಿದ್ದೇ ತುಂಬ್ಸಿದ್ದು, ಇಳಿಸೇ ಇಲ್ಲ. ಅವಕ್ಕೆ ಇನ್ನೂ ಸಮುದ್ರ ಹೋಗಿಲ್ಲ. ನೀರಿರೋವರೆಗೂ ಸುಮ್ನೆ ಕೂತಿರ್ತವೇನೋ."

ಮೈಸೂರಿನಲ್ಲಿ ಸಮುದ್ರವಿಲ್ಲ, ಉಬ್ಬರ ಇಳಿತಗಳೂ ಇಲ್ಲ. ಸಮುದ್ರದ ನೀರು ತಂದರೆ ಸಮುದ್ರ ತಂದ ಹಾಗೆ ಎಂದುಕೊಂಡಿದ್ದೆವು. ಇಳಿತವನ್ನೂ ನಾವೇ ಮಾಡಬೇಕಿತ್ತು. ಅವಳ ಮಾತು ನಿಜವಿರಬಹುದು, ಆಸೆಗೆ ಹೊಳೆದ ಮಾತೂ ಇರಬಹುದು. ಪರೀಕ್ಷಿಸಿ ನೋಡೋಣವೆಂದರೆ ಪರೀಕ್ಷಕರ ಕಾರು ಆಗಲೇ ಗೇಟಿನ ಒಳಗೆ ಬಂದಿತ್ತು. ತಟ್ಟೆಯನ್ನು ಹಾಗೆಯೇ ಎತ್ತಿಕೊಂಡು ಸೆಮಿನಾರ್ ಹಾಲಿಗೆ ನಡೆದೆವು.

ಮಾದಪ್ಪನವರು ಎತ್ತರದ ಆಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಬಂದಾಗಿನಿಂದ ಇಂಗ್ಲಿಷ್ ಬಿಟ್ಟು ಬೇರೆ ಒಂದು ಮಾತೂ ಆಡಿರಲಿಲ್ಲ. ನಾನು ಕನ್ನಡದಲ್ಲಿ ಕುಶಲ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು. ವಿಭಾಗದ ಮುಖ್ಯಸ್ಥರು ಸ್ವಾಗತ ಮಾಡಿದ ಮೇಲೆ ನೇರವಾಗಿ ಮೈಕ್ರೋಸ್ಕೋಪಿನ ಮುಂದೆ ಕೂತರು. ಕ್ಯಾಂಪಸ್ಸಿನ ನುಸಿಗಳ ತಟ್ಟೆ ನೋಡಿ ತಲೆಯಾಡಿಸಿದರು. ಕಾಂಡ್ಲಾ ತಟ್ಟೆ ನೋಡಿದರು. ಇವೂ ಸತ್ತಿವೆಯಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹಾಲಿನಲ್ಲಿ ಕೂತಿದ್ದವರೆಲ್ಲ ನಸೀಮಾಳ ಕಡೆ ತಿರುಗಿದರು.

"ಇಲ್ಲ ಸಾರ್. ಉಬ್ಬರ ಇದೆ ಸಾರ್ ಈಗ. ಇಳಿತ ಮಾಡ್ತೀನಿ" ಎಂದಳು ನಸೀಮಾ.

ಇಂಜೆಕ್ಷನ್ ಸಿರಿಂಜು ತೆಗೆದುಕೊಂಡು ತಟ್ಟೆಯ ಅಂಚಿನಿಂದ ನೀರನ್ನು ಸ್ವಲ್ಪ ಸ್ವಲ್ಪವೇ ಎಳೆಯತೊಡಗಿದಳು. ಅವಸರ ಮಾಡಲಿಲ್ಲ. ಸಮುದ್ರ ಅವಸರ ಮಾಡುವುದಿಲ್ಲ ಎಂಬುದು ಅವಳಿಗೆ ಕೆಸರಿನಲ್ಲಿ ನಿಂತು ಗೊತ್ತಿತ್ತು. ತೊಗಟೆಯ ಮೇಲ್ಭಾಗ ನೀರಿನಿಂದ ಹೊರಗೆ ಬಂತು. ಆಮೇಲೆ ಸಿರಿಂಜು ಕೆಳಗಿಟ್ಟು ಕೈಕಟ್ಟಿ ನಿಂತಳು.

ಏನೂ ಆಗಲಿಲ್ಲ. ಮುಖ್ಯಸ್ಥರು ಗಡಿಯಾರ ನೋಡಿಕೊಂಡು, ಅಷ್ಟರಲ್ಲಿ ಪ್ರಶ್ನೆಗಳು ನಡೆಯಲಿ ಎಂದರು. ಮಾದಪ್ಪನವರು ಕಣ್ಣನ್ನು ಮೈಕ್ರೋಸ್ಕೋಪಿನಿಂದ ತೆಗೆಯದೆಯೇ ಪ್ರಶ್ನೆ ಕೇಳಿದರು, ನಸೀಮಾ ಉತ್ತರ ಹೇಳಿದಳು. ಬೆನ್ನಿನ ರೋಮಗಳ ಬಗ್ಗೆ ಕೇಳಿದರು, ಹೇಳಿದಳು. ಉಗುರಿನ ಬಗ್ಗೆ ಕೇಳಿದರು, ಹೇಳಿದಳು. ಅವಳ ದನಿ ಬರಬರುತ್ತಾ ಸಣ್ಣದಾಗುತ್ತಿತ್ತು. ಟೀ ಬಂತು. ಮಾದಪ್ಪನವರು ಕೈಯಲ್ಲೇ ಬೇಡವೆಂದರು. ಪ್ರಶ್ನೆಗಳು ಮುಗಿದವು. ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ನುಸಿಗಾಗಿ ಹರಕೆ ಹೊತ್ತವಳು ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು. ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು, "ಸರ್, ಇನ್ನು ಮುಗಿಸೋಣವಾ?" ಎಂದರು.

"ಎದ್ಬುಟ್ಟ ಕಣವ್ವ!"

ಯಾರು ಕೂಗಿದ್ದೆಂದು ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಕೂಗಿದವರು ಮಾದಪ್ಪನವರು. ಎಷ್ಟೋ ವರ್ಷ ಉತ್ತರದಲ್ಲಿದ್ದು ಇಂಗ್ಲಿಷಿನಲ್ಲೇ ಬದುಕಿದ ಮನುಷ್ಯ, ಮೇಜು ಗುದ್ದುತ್ತಾ ನಂಜನಗೂಡಿನ ಕಡೆಯ ಹಳ್ಳಿಯ ಮಾತಿನಲ್ಲಿ ಕೂಗುತ್ತಿದ್ದರು. "ಕಾಲ್ ಬುಟ್ಟ! ನಡೀತಾವ್ನೆ ನೋಡವ್ವ, ಎಂಗ್ ನಡೀತಾವ್ನೆ!"

ನಸೀಮಾ ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡಳು. ನಾನು ಎದ್ದು ಓಡಿಹೋಗಿ, "ಸ್ವಲ್ಪ ನನಗೂ ಬಿಡಿ ಸಾರ್" ಎಂದೆ. ಅವರು ಮೊಣಕೈಯಲ್ಲಿ ನನ್ನನ್ನು ತಡೆದರು.

"ತಡೀರಿ ಮೇಡಂ, ತಡೀರಿ. ಇಲ್ಲೊಂದು ಮರೀನೂ ಬತ್ತಾ ಅದೆ. ಎಲ್ಲಿಂದ್ಲೂ ತೇಲ್ಕೊಂಡ್ ಬಂದೋವಲ್ಲ ಇವು. ಇಲ್ಲೇ ಸಂಸಾರ ಮಾಡ್ಕೊಂಡವೆ."

ಅಷ್ಟು ಹೇಳಿ ಮೈಕ್ರೋಸ್ಕೋಪ್ ಬಿಟ್ಟುಕೊಟ್ಟರು ಎಂದುಕೊಳ್ಳಬೇಡಿ. ಮುಖ್ಯಸ್ಥರು ಎದ್ದು ನಿಂತು ಫಲಿತಾಂಶ ಘೋಷಿಸಿದಾಗಲೂ, ಜನ ಚಪ್ಪಾಳೆ ತಟ್ಟಿದಾಗಲೂ ಅವರು ತಲೆ ಎತ್ತಲಿಲ್ಲ. ಡಾಕ್ಟರ್ ನಸೀಮಾ ಅವರ ಹಿಂದೆ ನಿಂತು ತನ್ನ ಸರದಿಗೆ ಕಾಯುತ್ತಿದ್ದಳು.